ಮೂರನೇ ಪುಟದ ಷರಾ

ನಾನು ಏನು ಕೆಲಸ ಮಾಡುತ್ತೇನೆಂದು ಊರಿನ ನೆಂಟರು ಕೇಳಿದರೆ ರಕ್ತ ಪರೀಕ್ಷೆ ಎಂದುಬಿಡುತ್ತೇನೆ. ಅದು ಸುಳ್ಳು. ಮುಂಬಯಿ ಪಕ್ಕದ ಠಾಣೆ ಪಟ್ಟಣದ ನೌಪಾಡಾದಲ್ಲಿರುವ ಒಂದು ಖಾಸಗಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಮುಟ್ಟುವುದು ರಕ್ತವನ್ನಲ್ಲ, ಆಪರೇಷನ್ ಮಾಡಿ ತೆಗೆದ ತುಂಡುಗಳನ್ನು. ಅವನ್ನು ಮೇಣದಲ್ಲಿ ಕೂರಿಸುತ್ತೇನೆ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಕೊಯ್ಯುತ್ತೇನೆ, ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಪಟ್ಟಿಗೆ ಹತ್ತಿಸಿ ಬಣ್ಣ ಹಾಕುತ್ತೇನೆ. ಆಮೇಲೆ ಅದು ಡಾಕ್ಟರ್ ಮೇಡಮ್ಮಿನ ಮೈಕ್ರೋಸ್ಕೋಪಿನ ಕೆಳಗೆ ಹೋಗುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಅವರು. ಆದರೆ ಅವರ ಕಣ್ಣಿಗೆ ಬೀಳುವುದು ನನ್ನ ಕೈ ದಾಟಿ ಬಂದದ್ದು ಮಾತ್ರ. ನನ್ನ ಕೈಗೆ ಬರುವಾಗಲೇ ತುಂಡು ಕೆಟ್ಟಿದ್ದರೆ ನಾನೂ ಏನೂ ಮಾಡುವ ಹಾಗಿಲ್ಲ, ಅವರೂ ಏನೂ ಮಾಡುವ ಹಾಗಿಲ್ಲ.

ಆ ಡಬ್ಬಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಡೊಂಬಿವಲಿಯಿಂದ ನಾನು ಹತ್ತುವ ಗಾಡಿ ಅಂದು ತಡವಾಗಿತ್ತು. ಬಂದು ಕೈಗವಸು ಹಾಕುವಷ್ಟರಲ್ಲಿ ಮೇಜಿನ ಮೇಲೆ ಕಲ್ಯಾಣದ ಒಂದು ಸಣ್ಣ ನರ್ಸಿಂಗ್ ಹೋಮಿನ ಡಬ್ಬಿ ಇತ್ತು. ನಲವತ್ತೆರಡು ವರ್ಷದ ಹೆಂಗಸು, ಎಡ ಮೊಲೆಯ ಗಡ್ಡೆ, ತೆಗೆದದ್ದು ಶುಕ್ರವಾರ ಮಧ್ಯಾಹ್ನ ಎಂದು ಚೀಟಿಯಲ್ಲಿತ್ತು. ಮುಚ್ಚಳ ತೆಗೆದೆ. ಫಾರ್ಮಾಲಿನ್ನಿನ ಕಣ್ಣುರಿಸುವ ವಾಸನೆ ಬರಲಿಲ್ಲ. ಬೇರೆ ವಾಸನೆ ಬಂತು. ತುಂಡನ್ನು ಹಾಕಿದ್ದು ಸಲೈನಿನಲ್ಲಿ, ಅಂದರೆ ಬಾಟಲಿ ಹಚ್ಚುವಾಗ ಕೈಗೆ ಏರಿಸುವ ಉಪ್ಪುನೀರಿನಲ್ಲಿ.

ದೇಹದಿಂದ ಹೊರಗೆ ಬಂದ ಕೂಡಲೇ ಮಾಂಸ ಕೊಳೆಯಲು ಶುರುವಾಗುತ್ತದೆ. ಫಾರ್ಮಾಲಿನ್ ಅದನ್ನು ಇದ್ದಲ್ಲಿಗೇ ನಿಲ್ಲಿಸುತ್ತದೆ. ಉಪ್ಪುನೀರು ನಿಲ್ಲಿಸುವುದಿಲ್ಲ. ಶುಕ್ರವಾರದಿಂದ ಸೋಮವಾರದ ತನಕ, ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ, ಆ ಗಡ್ಡೆ ಯಾರದೋ ಕಪಾಟಿನಲ್ಲಿ ಕೂತಿತ್ತು. ಶನಿವಾರ ಸ್ಯಾಂಪಲ್ ತರುವವನು ಹೋಗಿರಲಿಲ್ಲ, ಭಾನುವಾರ ರಜೆ.

ನಾನು ಡಬ್ಬಿಯನ್ನು ಹಿಡಿದುಕೊಂಡೇ ಮ್ಯಾನೇಜರ್ ಕೋಣೆಗೆ ಹೋದೆ. ಇದನ್ನು ತಕ್ಕೊಳ್ಳುವುದು ಬೇಡ, ಫೋನ್ ಮಾಡಿ ಹೇಳಿ ಎಂದೆ. ಅವರು ಮೂಗಿಗೆ ಕರವಸ್ತ್ರ ಹಿಡಿದು, ವಾಪಸ್ ಕಳಿಸಿದರೆ ಆ ಡಾಕ್ಟರು ನಾಳೆಯಿಂದ ಬೇರೆ ಲ್ಯಾಬಿಗೆ ಕಳಿಸುತ್ತಾರೆ, ನೀವು ಮಾಡುವಷ್ಟು ಮಾಡಿ ಅಂದರು. ವಾಪಸ್ ಕಳಿಸಿದರೂ ಗಡ್ಡೆಯನ್ನು ಮತ್ತೆ ಒಳಗೆ ಇಡಲಿಕ್ಕೆ ಆಗುವುದಿಲ್ಲವಲ್ಲ ಎಂದೂ ಸೇರಿಸಿದರು. ಅದು ನಿಜವೇ ಆಗಿತ್ತು. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ, ಸಲೈನಿನಲ್ಲಿ ಬಂದಿದೆ, ಮೂರು ದಿನ, ಎಂದು ಬರೆದೆ.

ಕ್ಯಾನ್ಸರ್ ಎಂಬುದಂತೂ ಗೊತ್ತಾಯಿತು. ಅಷ್ಟು ಹೇಳುವಷ್ಟು ಅದರ ಆಕಾರ ಉಳಿದಿತ್ತು. ಆದರೆ ಮೊಲೆಯ ಕ್ಯಾನ್ಸರಿನಲ್ಲಿ ಅಲ್ಲಿಗೆ ಮುಗಿಯುವುದಿಲ್ಲ. ಆ ಕೋಶಗಳಲ್ಲಿ ಮೂರು ಪ್ರೋಟೀನುಗಳು ಇವೆಯೋ ಇಲ್ಲವೋ ನೋಡಬೇಕು. ಎರಡು ಪ್ರೋಟೀನುಗಳು ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವಂಥವು. ಅವು ಇದ್ದರೆ ನಾವು ಹಾಕುವ ಬಣ್ಣಕ್ಕೆ ಕೋಶದ ನಡುವಿನ ಬೊಟ್ಟು ಕಂದಾಗುತ್ತದೆ. ಅಂಥವರಿಗೆ ದಿನಕ್ಕೊಂದು ಮಾತ್ರೆ ವರ್ಷಗಟ್ಟಲೆ ಕೊಟ್ಟರೆ ಕಾಯಿಲೆ ಮರಳುವ ಭಯ ಕಡಿಮೆ. ಇಲ್ಲದಿದ್ದರೆ ಬೊಟ್ಟು ನೀಲಿಯಾಗಿಯೇ ಉಳಿಯುತ್ತದೆ. ಆ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ. ಮೂರನೆಯ ಪ್ರೋಟೀನಿಗೆ ಬೇರೆ ಔಷಧಿ ಇದೆ.

ಇವಳದ್ದು ಮೂರೂ ನೀಲಿ.

ಡಾಕ್ಟರ್ ಮೇಡಂ ನನ್ನನ್ನು ಕರೆದು ನೋಡಲು ಹೇಳಿದರು. ಅವರು ಮರಾಠಿಯವರು, ಸಿಡುಕಿನವರು, ಆದರೆ ಸ್ಲೈಡ್ ನೋಡುವಾಗ ಅವರಷ್ಟು ಸಮಾಧಾನದವರನ್ನು ನಾನು ಕಂಡಿಲ್ಲ. ಗಡ್ಡೆಯ ಪಕ್ಕದಲ್ಲೇ ಕಾಯಿಲೆ ಇಲ್ಲದ ಹಾಲುನಾಳಗಳಿದ್ದವು. ಎಲ್ಲ ಹೆಂಗಸರಲ್ಲೂ ಆ ನಾಳಗಳ ಕೆಲವು ಕೋಶಗಳಾದರೂ ಕಂದಾಗಲೇಬೇಕು. ಇಲ್ಲಿ ಅವೂ ನೀಲಿ. ಅಂದರೆ ಪ್ರೋಟೀನು ಇರಲಿಲ್ಲ ಎಂದಲ್ಲ, ಇದ್ದದ್ದು ಕೊಳೆತುಹೋಗಿತ್ತು. ಮೇಡಂಗೆ ಇನ್ನೊಂದು ಅನುಮಾನವಿತ್ತು. ಈ ಗಡ್ಡೆಯ ಕೋಶಗಳು ಸಣ್ಣವು, ಅಚ್ಚುಕಟ್ಟು, ನಿಧಾನವಾಗಿ ಬೆಳೆಯುವ ಜಾತಿ. ಇಂಥದ್ದು ಸಾಮಾನ್ಯವಾಗಿ ಕಂದೇ ಬರುವುದು. ನಾನು ಬಣ್ಣವನ್ನು ಇನ್ನೊಮ್ಮೆ ಹಾಕಿದೆ, ಮತ್ತೊಮ್ಮೆಯೂ ಹಾಕಿದೆ. ಬಣ್ಣ ಸರಿಯಿದೆಯೋ ನೋಡಲು ಪಕ್ಕದಲ್ಲಿ ಇಟ್ಟ ಬೇರೆ ರೋಗಿಯ ತುಂಡು ಚೆನ್ನಾಗಿ ಕಂದಾಯಿತು. ಇದು ಆಗಲಿಲ್ಲ. ಮೇಡಂ ರಿಪೋರ್ಟಿನಲ್ಲಿ ಬರೆದರು: ತುಂಡನ್ನು ಸರಿಯಾಗಿ ಕಾಪಾಡಿಲ್ಲ, ಈ ಫಲಿತಾಂಶ ನಂಬಬೇಡಿ, ಹೊಸ ತುಂಡಿನ ಮೇಲೆ ಮತ್ತೆ ಪರೀಕ್ಷಿಸಿ.

ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡೆವು.

ಹತ್ತು ದಿನದ ಮೇಲೆ ಕೌಂಟರಿನಲ್ಲಿ ಒಬ್ಬ ಗಂಡಸು ಹರಕು ಹಿಂದಿಯಲ್ಲಿ ಏನೋ ಕೇಳುತ್ತಿದ್ದ. ರಿಸೆಪ್ಷನ್ ಹುಡುಗಿಗೆ ಅರ್ಥವಾಗದೆ, ಮಾವಶಿ, ಇವನು ನಿಮ್ಮ ಕಡೆಯವನೇನೋ ನೋಡಿ ಎಂದು ನನ್ನನ್ನು ಕರೆದಳು. ಅವಳಿಗೆ ನಾನು ಮಾವಶಿ, ಚಿಕ್ಕಮ್ಮ. ವಿಜಯಪುರ ಕಡೆಯವನು, ನವಿ ಮುಂಬಯಿಯಲ್ಲಿ ಕಟ್ಟಡದ ಕೆಲಸ. ಹೆಂಡತಿಯ ಗಡ್ಡೆ ತೆಗೆದಾಗ ಇಬ್ಬರೂ ಕಲ್ಯಾಣದ ಒಂದು ಸೈಟಿನಲ್ಲಿದ್ದದ್ದರಿಂದ ಅಲ್ಲಿಯ ನರ್ಸಿಂಗ್ ಹೋಮಿನಲ್ಲೇ ಆಪರೇಷನ್ ಆಗಿತ್ತು. ಈಗ ಕೀಮೋ ಇಂಜೆಕ್ಷನ್ ಕೊಡುವ ಬೇರೆ ಆಸ್ಪತ್ರೆಯವರು ಮೇಣದ ತುಂಡುಗಳನ್ನು ತರಲು ಹೇಳಿದ್ದರು. ಹೆಸರು ನೋಡಿದ ಕೂಡಲೇ ನನಗೆ ಡಬ್ಬಿಯ ನೆನಪಾಯಿತು.

ನಾನು ಕನ್ನಡದಲ್ಲಿ ಮಾತಾಡಿದ್ದೇ ಅವನ ಮುಖ ಬಿಚ್ಚಿತು. ಮಡಚಿದ ರಿಪೋರ್ಟನ್ನು ಅಂಗಿಯ ಒಳಗಿಂದ ತೆಗೆದು ಮೊದಲ ಪುಟ ತೋರಿಸಿದ.

"ಅಕ್ಕಾರ, ಮೂರೂ ನೆಗೆಟಿವ್ ಬಂದಾವಂತ. ಅಂದ್ರ ಏನೂ ಇಲ್ಲಂತ ಹೌದಲ್ರಿ? ಚಲೋನs ಆತಲ್ರಿ?"

ನಾನು ಕಾಗದ ಇಸಿದುಕೊಂಡೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದ ಒಂದು ಚೌಕ. ಅದರಲ್ಲಿ ನೆಗೆಟಿವ್, ನೆಗೆಟಿವ್, ನೆಗೆಟಿವ್. ಎರಡನೇ ಪುಟದಲ್ಲಿ ಫೋಟೋಗಳು. ಮೂರನೇ ಪುಟದ ಕೆಳಗೆ, ಲ್ಯಾಬಿನ ವಿಳಾಸ ಮತ್ತು ನಿಯಮಗಳ ಮೇಲೆ, ಇರುವೆಯಂಥ ಅಕ್ಷರದಲ್ಲಿ ಮೇಡಂ ಬರೆದ ಷರಾ. ನಮ್ಮ ಕಂಪ್ಯೂಟರ್ ಹಾಗೆ ಅಚ್ಚು ಹಾಕುತ್ತಿತ್ತು. ಇಷ್ಟು ವರ್ಷ ಇದೇ ಲ್ಯಾಬಿನಲ್ಲಿದ್ದ ನಾನು ರೋಗಿಯ ಕೈಗೆ ಹೋಗುವ ಕಾಗದವನ್ನು ಒಮ್ಮೆಯೂ ನೋಡಿರಲಿಲ್ಲ. ಮೇಡಂ ಸಹಿ ಹಾಕುವುದೂ ಪರದೆಯ ಮೇಲೆ.

ರೋಗಿಗಳ ಹತ್ತಿರ ರಿಪೋರ್ಟಿನ ವಿಷಯ ಮಾತಾಡಕೂಡದು ಎಂಬುದು ನಮ್ಮ ನಿಯಮ. ನಾನು ಅವನನ್ನು ಮೆಟ್ಟಿಲ ಹತ್ತಿರ ಕರಕೊಂಡು ಹೋಗಿ ಹೇಳಿದೆ. ನೆಗೆಟಿವ್ ಅಂದರೆ ಕಾಯಿಲೆ ಇಲ್ಲ ಅಂತ ಅಲ್ಲ. ಮತ್ತೆ ಆ ನೆಗೆಟಿವ್ ಕೂಡ ನಿಜವೋ ಅಲ್ಲವೋ ಗೊತ್ತಿಲ್ಲ. ಅವನು ತಲೆಯಾಡಿಸುತ್ತ ಹೋದ ಹಾಗೆ ಮುಖ ಸಣ್ಣದಾಗುತ್ತ ಹೋಯಿತು. ಏನು ಅರ್ಥವಾಯಿತೋ, ಮೇಣದ ತುಂಡುಗಳ ಪೊಟ್ಟಣ ತಕ್ಕೊಂಡು ಇಳಿದು ಹೋದ.

ಮೇಡಂಗೆ ಹೇಳಿದಾಗ ಮೊದಲು ರೇಗಿದರು. ನಾನು ಬರೆದಿದ್ದೇನಲ್ಲ, ಓದಬೇಕಾದ್ದು ಅವರ ಕೆಲಸ ಎಂದರು. ನಾನು ಝೆರಾಕ್ಸ್ ಮಾಡಿಟ್ಟುಕೊಂಡಿದ್ದ ಮೂರು ಪುಟಗಳನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು, ಹಾಕಿ, ನೋಡಿದರು. ಆಮೇಲೆ ಕಲ್ಯಾಣದ ಸರ್ಜನ್ನಿಗೆ ಅವರೇ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಸರ್ಜನ್ ಬಹಳ ಮರ್ಯಾದೆಯಿಂದಲೇ, ಮೇಡಂ, ನೀವು ನೆಗೆಟಿವ್ ಕೊಟ್ಟಿರಿ, ನಾನು ಅದರ ಪ್ರಕಾರ ಮುಂದೆ ಕಳಿಸಿದೆ, ಈಗ ಆ ಪೇಶಂಟ್ ನನ್ನ ಹತ್ತಿರ ಇಲ್ಲ ಅಂದರು. ಸಲೈನಿನ ವಿಷಯ ಎತ್ತಿದಾಗ ಫಾರ್ಮಾಲಿನ್ ಸಪ್ಲೈ ಮಾಡಬೇಕಾದ್ದು ಲ್ಯಾಬಿನವರು ಎಂದರು. ನಮ್ಮ ಮ್ಯಾನೇಜರನ್ನು ಕೇಳಿದರೆ ಡಬ್ಬಿಗಳನ್ನು ಕಳಿಸಿದ್ದೇವೆ, ಅವರು ಬಳಸುವುದಿಲ್ಲ ಎಂದರು. ಮೊದಲ ಪುಟದಲ್ಲೇ ಷರಾ ಬರುವ ಹಾಗೆ ಮಾಡಿ ಎಂದು ಕಂಪ್ಯೂಟರಿನವರಿಗೆ ಬರೆದೆವು. ಆ ಚೌಕ ಬದಲಾಯಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಒಂದು ವಾರ ಹೀಗೇ ಹೋಯಿತು. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡಿದ್ದರು.

ಮೇಡಂ ಒಂದು ದಾರಿ ಹೇಳಿದರು. ಗಡ್ಡೆಯಂತೂ ಹೋಯಿತು. ಆದರೆ ಕಂಕುಳಲ್ಲಿ ಒಂದು ಗಂಟು ಕೈಗೆ ಸಿಗುತ್ತದೆ ಎಂದು ಮೊದಲ ಚೀಟಿಯಲ್ಲೇ ಇತ್ತು. ಕಾಯಿಲೆ ಅಲ್ಲಿಗೂ ಇಳಿದಿದ್ದರೆ ಅದಕ್ಕೆ ಸೂಜಿ ಹಾಕಿ ತುಂಡು ತೆಗೆದರೆ ಅದರ ಮೇಲೆ ಪರೀಕ್ಷೆ ಮಾಡಬಹುದು. ಅವರ ಪರಿಚಯದ ಸರ್ಜನ್ ಒಬ್ಬರು ಠಾಣೆಯಲ್ಲೇ ಇದ್ದರು. ನಾನು ಗಂಡನಿಗೆ ಫೋನ್ ಮಾಡಿದೆ. ಇಂಜೆಕ್ಷನ್ ಒಂದು ಆಗೇಬಿಟ್ಟಿತ್ತು. ಅವಳು ಇನ್ನು ಸೂಜಿ ಬೇಡ ಅನ್ನುತ್ತಾಳೆ, ನೀವೇ ಬಂದು ಹೇಳಿರಿ ಎಂದ.

ಒಂದು ದಿನ ರಜೆ ಹಾಕಿ ಠಾಣೆಯಿಂದ ಪನ್ವೇಲ್ ಗಾಡಿ ಹಿಡಿದು ಬೇಲಾಪುರದಲ್ಲಿ ಇಳಿದೆ. ಅಲ್ಲಿಂದ ಬಸ್ಸು. ಕಟ್ಟುತ್ತಿದ್ದ ಟವರಿನ ಹಿಂದೆ ತಗಡಿನ ಶೆಡ್ಡುಗಳು. ಅವಳು ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆಗೆ ಸೆರಗು ಬಿಗಿದುಕೊಂಡಿದ್ದಳು, ಕೂದಲು ಉದುರಲು ಶುರುವಾಗಿತ್ತು. ಆ ತನಕ ನನಗೆ ಗೊತ್ತಿದ್ದದ್ದು ಅವಳ ಮಾಂಸದ ತುಂಡು ಮಾತ್ರ. ಮುಖ ನೋಡಿದ್ದು ಅಂದೇ. ಬಾಯಿಪಾಠ ಮಾಡಿಕೊಂಡು ಬಂದದ್ದನ್ನೇ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು. ಕೊನೆಗೆ ಮೊರ ಕೆಳಗಿಟ್ಟಳು.

"ನನ್ನ ಗಡ್ಡಿ ಕೆಡಿಸಿದವ್ರು ನೀವು. ಈಗ ಮತ್ತ ಚುಚ್ಚಿಸ್ಕೊ ಅಂತ ಹೇಳಾಕ ಬಂದವ್ರೂ ನೀವು."

ಕೆಡಿಸಿದ್ದು ನಾನಲ್ಲ, ನರ್ಸಿಂಗ್ ಹೋಮಿನವರು ಎಂದು ಹೇಳಬಹುದಿತ್ತು. ಅವಳಿಗೆ ಅದರಿಂದ ಏನು? ಬಿಳಿ ಕೋಟಿನವರೆಲ್ಲ ಅವಳಿಗೆ ಒಂದೇ. ಹೌದು, ಕೆಟ್ಟಿತು ಎಂದೆ. ಅವಳು ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ವಾಪಸ್ ಗಾಡಿಯಲ್ಲಿ ನನಗೆ ಅವಳ ಮೇಲೂ ಸಿಟ್ಟು ಬಂತು. ಆಮೇಲೆ ಆ ಸಿಟ್ಟಿಗೆ ನಾಚಿಕೆಯಾಯಿತು.

ಮರುವಾರ ಗಂಡನೇ ಫೋನ್ ಮಾಡಿದ. ಬರುತ್ತಾಳಂತೆ, ಆದರೆ ಈ ಸಲ ಡಬ್ಬಿಯನ್ನು ಅಕ್ಕ ತಾನೇ ಹಿಡಿಯಬೇಕಂತೆ.

ನಾನೇ ಹಿಡಿದೆ. ಸರ್ಜನ್ನಿನ ಕೋಣೆಯ ಹೊರಗೆ ಫಾರ್ಮಾಲಿನ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರದಂಥ ನಾಲ್ಕು ತುಂಡುಗಳು ಒಳಗೆ ಬಿದ್ದವು. ಮುಚ್ಚಳ ಬಿಗಿ ಮಾಡಿ, ಸಮಯ ಬರೆದು, ರಿಕ್ಷಾದಲ್ಲಿ ಲ್ಯಾಬಿಗೆ ತಂದೆ. ಮರುದಿನ ಮೇಣದಲ್ಲಿ ಕೂರಿಸಿದೆ, ಅದರ ಮರುದಿನ ಬಣ್ಣ ಹಾಕಿದೆ. ತೊಳೆಯುವಾಗಲೇ, ಮೈಕ್ರೋಸ್ಕೋಪಿಗೆ ಇಡುವ ಮೊದಲೇ, ಗಾಜಿನ ಮೇಲೆ ಕಂದು ಗೆರೆಗಳು ಬರಿಗಣ್ಣಿಗೆ ಕಂಡವು. ಮೇಡಂ ಬಹಳ ಹೊತ್ತು ನೋಡಿದರು. ಎರಡೂ ಹಾರ್ಮೋನ್ ಪ್ರೋಟೀನುಗಳು ಗಟ್ಟಿಯಾಗಿ ಕಂದಾಗಿದ್ದವು, ಮೂರನೆಯದು ಮಾತ್ರ ಇರಲಿಲ್ಲ. ಇಂಜೆಕ್ಷನ್ ಹೇಗೂ ಬೇಕಾಗುತ್ತಿತ್ತೋ ಏನೋ, ಗಂಟಿಗೆ ಇಳಿದಿತ್ತಲ್ಲ, ಆದರೆ ಆ ಮಾತ್ರೆಯನ್ನು ಯಾರೂ ಇವಳಿಗೆ ಕೊಡುತ್ತಿರಲಿಲ್ಲ ಎಂದರು.

ಗಂಡನಿಗೆ ಪಾಸಿಟಿವ್ ಎಂದು ಹೇಳಿದೆ. ಅವನು ಕೌಂಟರಿನ ಮುಂದೆಯೇ ಕುಸಿದು ಕೂತ. ನೆಗೆಟಿವ್ ಇದ್ದದ್ದು ಪಾಸಿಟಿವ್ ಆಯಿತು, ಕಾಯಿಲೆ ಹೆಚ್ಚಾಯಿತು ಎಂದು ಅವನ ಲೆಕ್ಕ. ಅಲ್ಲಪ್ಪಾ, ಇದು ಒಳ್ಳೆಯದು, ಇದಕ್ಕೆ ಮಾತ್ರೆ ಇದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅವನ ಕಣ್ಣಿನಲ್ಲಿ ನಂಬಿಕೆ ಬರಲಿಲ್ಲ. ಒಂದೇ ಕೌಂಟರಿನಲ್ಲಿ ಒಂದೇ ಹೆಂಗಸಿನ ಬಗ್ಗೆ ಎರಡು ಮಾತು ಹೇಳಿದವರನ್ನು ಅವನು ಯಾಕೆ ನಂಬಬೇಕು?

ನನಗೆ ಮ್ಯಾನೇಜರರಿಂದ ನೋಟಿಸು ಬಂತು. ರೋಗಿಯ ಮನೆಗೆ ಹೋದದ್ದು ಯಾಕೆ, ಬರಹದಲ್ಲಿ ಉತ್ತರಿಸಿ ಎಂದು. ಉತ್ತರಿಸಿದೆ. ಅದೇ ಸಂಜೆ ನೌಪಾಡಾದ ಒಂದು ಅಂಗಡಿಯಲ್ಲಿ, ಮೂರನೇ ಪುಟ ಓದಿ, ಎಂದು ಇಂಗ್ಲಿಷಿನಲ್ಲಿ ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ಷರಾ ಇರುವ ರಿಪೋರ್ಟುಗಳ ಮೊದಲ ಪುಟಕ್ಕೆ ಕೆಂಪಗೆ ಒತ್ತತೊಡಗಿದೆ. ಎರಡು ವಾರ ನಡೆಯಿತು. ನೋಡಲು ಚೆನ್ನಾಗಿ ಕಾಣುವುದಿಲ್ಲ ಎಂದು ಮ್ಯಾನೇಜರು ಅದನ್ನು ತಕ್ಕೊಂಡು ತಮ್ಮ ಡ್ರಾಯರಿನಲ್ಲಿ ಹಾಕಿದರು. ಈಗ ಮೇಡಂ ಅಂಥ ರಿಪೋರ್ಟು ಹೊರಟಾಗಲೆಲ್ಲ ಸಂಬಂಧಪಟ್ಟ ಡಾಕ್ಟರಿಗೆ ತಾವೇ ಫೋನ್ ಮಾಡುತ್ತಾರೆ. ಹೆಚ್ಚಿನವರು ಎತ್ತುವುದಿಲ್ಲ.

ಇಂಜೆಕ್ಷನ್ನುಗಳೆಲ್ಲ ಮುಗಿದ ಮೇಲೆ ಗಂಡ ಹೆಂಡತಿ ಊರಿಗೆ ಹೋದರು. ನಾನು ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಅದು ನನ್ನ ಕೆಲಸವಲ್ಲ, ಗೊತ್ತು. ಹೋದ ಸಲ ಅವಳೇ ಎತ್ತಿದಳು. ಮಾತ್ರೆ ತಗೊಂಡರೆ ಮೈ ಬಿಸಿಯಾಗುತ್ತದೆ, ಮೊಣಕಾಲು ಹಿಡಿಯುತ್ತದೆ ಎಂದಳು. ಕೂದಲು ಬಂತಲ್ಲ, ಇನ್ನು ಮಾತ್ರೆ ಯಾಕೆ ಎಂದು ನಾದಿನಿ ಹೇಳುತ್ತಾಳಂತೆ. ನಾನು ಗಂಟಲು ಏರಿಸಿಯೇ ಹೇಳಿದೆ, ಬಿಡಬಾರದು, ಒಂದು ದಿನವೂ ಬಿಡಬಾರದು ಎಂದು. ಆ ಕಡೆ ಯಾರೋ ಪಾತ್ರೆ ತಿಕ್ಕುವುದು ಕೇಳಿಸುತ್ತಿತ್ತು.

"ನೋಡ್ತೀನ್ರೀ," ಎಂದಳು.