ಬುದ್ಧನ ಮೂಗು ಹುಡುಕಿದವಳು

ಇವತ್ತು ಬೆಳಿಗ್ಗೆ ಸುರಪುರದಲ್ಲಿ ಬಸ್ಸು ಹತ್ತಿದ ಕೂಡಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬಂತು. ನಮ್ಮ ಮಕ್ಕಳು ಪ್ರವಾಸ ಹೊರಟರೆ ಊರು ದಾಟುವ ಮೊದಲೇ ಬುತ್ತಿ ಬಿಚ್ಚುತ್ತಾರೆ. ಈ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ, ನಾನು ಮಕ್ಕಳ ತಲೆ ಎಣಿಸತೊಡಗುತ್ತೇನೆ. ನಾನು ಹುಟ್ಟಾ ಅಂಜುಬುರುಕ ಮೇಷ್ಟ್ರು. ಹಾಗಿದ್ದೂ ಪ್ರವಾಸದ ಜವಾಬ್ದಾರಿಯನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಯಾಕೆ ಅಂದರೆ, ಅದಕ್ಕೆ ಭೀಮವ್ವನ ವಿಷಯ ಹೇಳಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಕಕ್ಕೇರಾ ಕಡೆಯ ಶಾಲೆಯಲ್ಲಿದ್ದಾಗ ಮಕ್ಕಳನ್ನು ಶಹಾಪುರದ ಗುಡ್ಡಕ್ಕೆ ಕರೆದೊಯ್ದಿದ್ದೆ. ಆರನೇ ತರಗತಿಯ ಭೀಮವ್ವ ಕ್ಲಾಸಿನಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ. ಅವಳಪ್ಪ ಯಂಕಪ್ಪ ಕೂಲಿ ಕೆಲಸದವ. ಬಸ್ಸಿನ ಬಾಗಿಲಲ್ಲಿ ನಿಂತು, "ನೀವು ಅದೀರಿ ಅಂತ ಕಳಸಾಕತ್ತೇನ್ರಿ ಸರ್. ಏನರ ಹೆಚ್ಚುಕಮ್ಮಿ ಆದ್ರ ನಾಳಿಂದ ಆಕಿನ್ನ ಸಾಲಿಗಿ ಕಳಸಂಗಿಲ್ಲ ನೋಡ್ರಿ," ಅಂದ. ಮೆತ್ತಗೆ ಹೇಳಿದ. ಜೋರಾಗಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಆ ಗುಡ್ಡ ನೀವು ನೋಡಿರಬಹುದು. ದೂರದ ರಸ್ತೆಯ ಒಂದು ಜಾಗದಿಂದ ನೋಡಿದರೆ ಹಣೆ, ಮೂಗು, ಗದ್ದ, ಎದೆ ಎಲ್ಲ ಕೂಡಿ ಬುದ್ಧ ಅಂಗಾತ ಮಲಗಿರುತ್ತಾನೆ. ಹತ್ತಿರ ಹೋದರೆ ಬರೀ ಬಂಡೆ. ಮಕ್ಕಳ ಹಾಡಿನ ಗದ್ದಲದಲ್ಲಿ ಆ ಜಾಗ ದಾಟಿದ್ದೇ ನನಗೆ ತಿಳಿಯಲಿಲ್ಲ. ಬುದ್ಧನನ್ನು ತೋರಿಸುತ್ತೇನೆಂದು ಹೊರಟವನು ಎಲ್ಲರನ್ನೂ ಸೀದಾ ಬಂಡೆಯ ಬುಡಕ್ಕೆ ತಂದು ಇಳಿಸಿದೆ.

"ಬುದ್ಧ ಎಲ್ಲದಾನ್ರಿ ಸರ್?"

ಭೀಮವ್ವ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನೋ ಕುಡಿಯುವ ನೀರಿನ ಚಿಂತೆಯಲ್ಲಿದ್ದೆ. "ಮಲಗ್ಯಾನವ್ವ, ಎಬ್ಬಸಬ್ಯಾಡ," ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಊಟವಾದ ಮೇಲೆ ಎಣಿಸಿದರೆ ಒಂದು ತಲೆ ಕಡಿಮೆ. ಮತ್ತೆ ಎಣಿಸಿದೆ. ಭೀಮವ್ವ ಇಲ್ಲ. ಜೊತೆಗಿದ್ದ ಟೀಚರ್ ಉಳಿದವರನ್ನು ಬಸ್ಸಿನೊಳಗೆ ಕೂರಿಸಿ ಬಾಗಿಲು ಹಾಕಿಸಿದರು. ನಾನೂ ಡ್ರೈವರೂ ಬಂಡೆಗಳ ಸಂದಿಯಲ್ಲೆಲ್ಲ ಕೂಗುತ್ತ ಅಲೆದೆವು. ಕೆಳಗೆ ಕೆರೆ ಕಂಡಾಗ ಕೂಗುವುದನ್ನು ಬಿಟ್ಟು ಅತ್ತ ಓಡಿದೆ. ಕೆರೆಯ ದಂಡೆಯಲ್ಲೂ ಇರಲಿಲ್ಲ. ಯಂಕಪ್ಪನ ಮುಖ ನೆನಪಾಯಿತು. ಕೊನೆಗೆ ರಸ್ತೆ ಹಿಡಿದು ಓಡಿದೆವು.

ಬಹಳ ದೂರದಲ್ಲಿ, ರಸ್ತೆ ಬದಿಯ ಸಣ್ಣ ಸೇತುವೆಯ ಕಟ್ಟೆ ಮೇಲೆ ಅವಳು ನಿಂತಿದ್ದಳು. ಬೈಯಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ಹಿಂದ ಹಿಂದ ಸರಕೋತ ಬಂದೇನ್ರಿ ಸರ್. ಮದಲ ಎದಿ ಕಂಡಿತು, ಆಮ್ಯಾಲ ಗದ್ದ. ಮೂಗು ಈಗ ಕಂಡದ ನೋಡ್ರಿ."

ನೋಡಿದೆ. ಬುದ್ಧ ಪೂರ್ತಿ ಮಲಗಿದ್ದ. ನನಗೆ ಅಳು ಬಂತು. ಡ್ರೈವರ್ ಕಣ್ಣಿಗೆ ಕೈ ಅಡ್ಡ ಹಿಡಿದು ಸುಮ್ಮನೆ ನೋಡುತ್ತ ನಿಂತುಬಿಟ್ಟ.

ವಾಪಸು ಬರುವಾಗ ದಾರಿಯುದ್ದಕ್ಕೂ ಯಂಕಪ್ಪನಿಗೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡೆ. ಬಸ್ಸು ನಿಲ್ಲುವುದೇ ತಡ, ಭೀಮವ್ವ ಮೊದಲು ಇಳಿದು, ಒಬ್ಬಳೇ ರಸ್ತೆತನಕ ಹೋದದ್ದು, ನಾವು ಹುಡುಕಿದ್ದು, ಬುದ್ಧ ಕಂಡದ್ದು, ಎಲ್ಲವನ್ನೂ ಕಾದು ನಿಂತಿದ್ದ ಅಪ್ಪನ ಮುಂದೆ ಒಂದೇ ಉಸಿರಿಗೆ ಸುರಿದಳು. ಅವಳ ಶಾಲೆ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಯಂಕಪ್ಪ ನನ್ನ ಹತ್ತಿರ ಬಂದ.

"ಪ್ರತಿ ವರ್ಷಾ ಹತ್ತಿ ತುಂಬಿದ ಗಾಡಿ ಮ್ಯಾಲ ಕುಂತು ಅದ ದಾರ್ಯಾಗ ಹೋಗ್ತೇನ್ರಿ ಸರ್. ನಂಗ ಒಮ್ಮಿನೂ ಕಂಡಿಲ್ಲ," ಅಂದ. ಆಮೇಲೆ ಮಗಳ ಕಡೆ ತಿರುಗಿದ. "ಎಲ್ಲಿ ನಿಂದರಬೇಕು, ಹೇಳು."

ಮರುದಿನ ಭೀಮವ್ವ ಶಾಲೆಗೆ ಬಂದಳು. ಅಲ್ಲಿಂದ ಮುಂದೆ ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ನನಗೊಂದು ಕೆಲಸವಾಯಿತು.

ಈಗ ಬಸ್ಸು ಹುಣಸಗಿ ದಾಟಿ ಆಣೆಕಟ್ಟಿನ ಕಡೆ ಹೊರಟಿದೆ. ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿದೆ. ಹಿಂದಿನ ಸೀಟಿನ ಹುಡುಗಿಯೊಬ್ಬಳು ಎದ್ದು ಬಂದು ಕೇಳಿದಳು: "ಸರ್, ಈ ನೀರು ಯಾವ ಕಡಿ ಹೊಂಟದ್ರಿ? ಇಳದು ನೋಡ್ಲೇನ್ರಿ?"

ತುಂಬಿದ ಕಾಲುವೆ ಕಂಡರೆ ನನಗೆ ಈಗಲೂ ಭಯ. ಡ್ರೈವರಿಗೆ ನಿಲ್ಲಿಸಲು ಹೇಳಿ, ಅವಳ ಕೈ ಹಿಡಿದು ನಾನೂ ಇಳಿದೆ.