ಅರ್ಥಕ್ಕೆ ನೀರು

ಮೂರನೇ ವರ್ಷದ ಇಂಜಿನಿಯರಿಂಗ್‌ನಲ್ಲಿ ಒಂದು ಮಧ್ಯಾಹ್ನ ನಾನು ಕೈ ಎತ್ತಿದೆ. ಜಂಬಕ್ಕೆ ಎತ್ತಿದ ಕೈ ಅದು. ಎತ್ತದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆಸಿಕೊಳ್ಳುತ್ತೇನೆ.

ದಾವಣಗೆರೆಯ ಕಾಲೇಜು, ಎಲೆಕ್ಟ್ರಿಕಲ್ ವಿಭಾಗ, ಊಟ ಮುಗಿದ ಮೇಲಿನ ಲ್ಯಾಬ್. ಅರ್ಧ ಜನ ತೂಕಡಿಸುತ್ತಿದ್ದರು. ಪಾಠ ಮಾಡುತ್ತಿದ್ದವರು ಹೊನ್ನಾಳಿ ಕಡೆಯ ಮೇಷ್ಟ್ರು. ಇಂಗ್ಲಿಷಿನಲ್ಲಿ ಶುರು ಮಾಡಿ ಎರಡನೇ ವಾಕ್ಯಕ್ಕೆ ಹೊನ್ನಾಳಿಗೆ ಬಂದು ನಿಲ್ಲುವವರು. ಅವತ್ತಿನ ವಿಷಯ ಅರ್ಥಿಂಗ್. ಮಿಕ್ಸಿಗೋ ಫ್ರಿಜ್ಜಿಗೋ ಕರೆಂಟು ಸೋರಿದರೆ ಅದು ಮುಟ್ಟಿದವರ ಮೈಮೇಲೆ ಹರಿಯದೆ ನೆಲಕ್ಕಿಳಿದು ಹೋಗಲಿ ಎಂದು ಪೈಪು ಹೂತು ತಂತಿ ಕಟ್ಟುತ್ತಾರಲ್ಲ, ಅದು.

"ನಿಮ್ಮಲ್ಲಿ ಯಾರ ಮನೇಲಿ ಅರ್ಥ್ ಪೈಪ್ ಐತೆ? ಕಣ್ಣಾರೆ ನೋಡಿದೋರು ಕೈ ಎತ್ರಿ," ಎಂದರು.

ಯಾರೂ ಎತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ನ್ಯಾಮತಿಯ ಗೆಳತಿ, ಹಾಸ್ಟೆಲ್ಲಿನಲ್ಲೂ ನನ್ನ ರೂಮಿನವಳೇ, ಮೊಣಕೈಯಿಂದ ತಿವಿದಳು. "ಎತ್ತೇ. ರೂಮಲ್ಲಿ ದಿನಾ ಕೊಚ್ಕೊಳ್ತೀಯಲ್ಲ, ಈಗ ಹೇಳು."

ಎತ್ತಿದೆ. "ನಮ್ಮನೇಲಿ ಐತೆ ಸರ್. ನಾನೇ ಹಾಕಿದ್ದು."

ಕೊಚ್ಚಿಕೊಳ್ಳುವುದಕ್ಕೆ ನನಗೆ ಕಾರಣವಿತ್ತು. ನಮ್ಮೂರು ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆ ಕಡೆಗೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ದಿನಗಳಲ್ಲಿ ಒಂದು ಸಂಜೆ ಗಾಳಿಗೆ ನಮ್ಮ ಗೋಡೆಯ ಹತ್ತಿರ ಒಂದು ತಂತಿ ಕಿತ್ತು ಹೋಯಿತು. ಮನೆಗೆ ಬರುವುದು ಎರಡು ತಂತಿ. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ವಾಪಸ್ ಹೋಗುವ ತಂತಿಗೆ ನ್ಯೂಟ್ರಲ್ ಎನ್ನುತ್ತಾರೆ. ಕಿತ್ತದ್ದು ಅದು. ಲೈನ್‌ಮನ್‌ಗೆ ಹೇಳಿ ಒಂದು ದಿನ ಕಾದಿದ್ದರೆ ಮುಗಿಯುತ್ತಿತ್ತು. ಕಾಯುವ ಜಾತಿಯವಳಲ್ಲ ನಾನು. ಹೊಲದ ಪಂಪ್‌ಸೆಟ್ ಮನೆಗಳಲ್ಲಿ ನೆಲಕ್ಕೊಂದು ಕಬ್ಬಿಣ ಚುಚ್ಚಿ ಬಲ್ಬು ಉರಿಸುವುದನ್ನು ನೋಡಿದ್ದೆ. ಬಚ್ಚಲ ಹಿಂದೆ ಒಂದು ಕಬ್ಬಿಣದ ಪೈಪು ಹೂತೆ, ಉಪ್ಪು ಸುರಿದೆ, ನೀರು ಹಾಕಿದೆ, ನ್ಯೂಟ್ರಲ್ ಇರಬೇಕಾದ ಜಾಗಕ್ಕೆ ಆ ಪೈಪಿನ ತಂತಿ ಕೊಟ್ಟೆ. ಬಲ್ಬು ಹತ್ತಿತು.

ಆಗ ಮನೆಯಲ್ಲಿ ನನ್ನ ಓದಿನ ಜಗಳ ನಡೆಯುತ್ತಿತ್ತು. ಅಪ್ಪ ಗಾರೆ ಕೆಲಸದವರು. ಚನ್ನಗಿರಿ, ಸಂತೇಬೆನ್ನೂರು ಕಡೆ ಹೋದರೆ ವಾರಕ್ಕೊಮ್ಮೆ ಮನೆಗೆ ಬರುವವರು. ನಾನು ಎಲೆಕ್ಟ್ರಿಕಲ್ ಎಂದರೆ ಅವರು, "ಹೆಣ್ಮಗಳು ಕಂಬ ಹತ್ತಾಕೆ ಓದ್ತಾಳಂತಾ?" ಎಂದು ತಟ್ಟೆ ಬಿಟ್ಟು ಏಳುತ್ತಿದ್ದರು. ಬಲ್ಬು ಹತ್ತಿದ ಮರುದಿನ ಅಪ್ಪ ಬಂದಾಗ ಅವ್ವ ಬಲ್ಬಿನ ಕೆಳಗೆ ನಿಂತು ಹೇಳಿದಳು: "ನೋಡಿದ್ರಾ? ಓದದೇನೆ ಇಷ್ಟು ಮಾಡ್ಯಾಳೆ. ಓದಿದ್ರೆ ಇನ್ನೇನು ಮಾಡ್ತಾಳೋ. ಇದನ್ನೇ ಓದ್ಲಿ ಬಿಡ್ರಿ." ಅಪ್ಪ ಬಲ್ಬು ನೋಡಿದರು, ನನ್ನನ್ನು ನೋಡಿದರು, ಬೀಡಿ ಹುಡುಕಿದರು. ನನಗೆ ಎಲೆಕ್ಟ್ರಿಕಲ್ ಸೀಟು ಸಿಕ್ಕಿದ್ದು ನಿಜವಾಗಿ ಆವತ್ತು.

ದೀಪ ಉರಿಯುತ್ತಿತ್ತಾದ್ದರಿಂದ ಲೈನ್‌ಮನ್‌ನನ್ನು ಯಾರೂ ಕರೆಯಲಿಲ್ಲ. ಪೈಪಿನ ಸುತ್ತ ಮಣ್ಣು ಒಣಗಿದರೆ ಬಲ್ಬು ಮಂಕಾಗುತ್ತದೆ, ದಿನಾ ನೀರು ಹಾಕು ಎಂದು ಅವ್ವನಿಗೆ ಹೇಳಿ ನಾನು ಹಾಸ್ಟೆಲ್ಲಿಗೆ ಹೊರಟೆ. ಅವ್ವ ಹೇಳಿದ್ದನ್ನು ಬಿಡುವವಳಲ್ಲ. ಹೊಲದಿಂದ ಬಂದವಳು ಸಂಜೆ ದೀಪ ಹಾಕಿ, ಚಪ್ಪಲಿ ಕಳಚಿ, ಒಂದು ಕೊಡ ನೀರು ತೆಗೆದುಕೊಂಡು ಹೋಗಿ ಪೈಪಿನ ಬುಡಕ್ಕೆ ಸುರಿಯುತ್ತಿದ್ದಳು. ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ ಹಚ್ಚಿದಳು. ಅರ್ಥ್ ಎಂದು ನಾನು ಹೇಳಿಕೊಟ್ಟದ್ದು ಅವಳ ಬಾಯಲ್ಲಿ 'ಅರ್ಥ' ಆಯಿತು. ಫೋನಿನಲ್ಲಿ, "ಉಂಡೆ, ಎಮ್ಮೆ ಕರೆದೆ, ಅರ್ಥಕ್ಕೆ ನೀರು ಹಾಕ್ದೆ," ಎಂದು ವರದಿ ಕೊಡುತ್ತಿದ್ದಳು. ನ್ಯಾಮತಿಯವಳಿಗೆ ಇದು ದೊಡ್ಡ ನಗೆ. "ಅಲ್ಲಿ ನಿಮ್ಮವ್ವ ದಿನಾ ಅರ್ಥಕ್ಕೆ ನೀರು ಹಾಕ್ತಾರೆ, ಇಲ್ಲಿ ನಮಗೆ ಒಂದಕ್ಷರ ಅರ್ಥ ಆಗಲ್ಲ," ಎನ್ನುತ್ತಿದ್ದಳು.

ರಜೆಗೆ ಹೋದಾಗಲೆಲ್ಲ ನನ್ನ ಪೈಪನ್ನು ನೋಡಿ ಬರುತ್ತಿದ್ದೆ. ಒಂದು ಸಲ ಹೋದಾಗ ಅದರ ಸುತ್ತ ಅವ್ವ ಜಾಲಿ ಮುಳ್ಳಿನ ಬೇಲಿ ಹಾಕಿದ್ದಳು. ಬಚ್ಚಲ ಹಿಂದೆ ಕಟ್ಟುತ್ತಿದ್ದ ಎಮ್ಮೆಯನ್ನೂ ಬೇವಿನ ಮರದ ಕಡೆಗೆ ಸಾಗಿಸಿದ್ದಳು. ನನ್ನ ಕೆಲಸಕ್ಕೆ ಇಷ್ಟು ಮರ್ಯಾದೆಯೇ ಎಂದು ಒಳಗೊಳಗೇ ಹಿಗ್ಗಿದ್ದೆ.

ಇಷ್ಟನ್ನೂ ನಾನು ಲ್ಯಾಬಿನಲ್ಲಿ ಎದ್ದು ನಿಂತು ಸಂಭ್ರಮದಿಂದ ಹೇಳಿದೆ. ಹುಡುಗರು ಕುಂಕುಮಕ್ಕೆ ನಕ್ಕರು. ಮೇಷ್ಟ್ರು ನಗಲಿಲ್ಲ. ಕೈಯಲ್ಲಿದ್ದ ಸೀಮೆಸುಣ್ಣ ಮೇಜಿನ ಮೇಲಿಟ್ಟರು.

"ಪೈಪಿನ ತಂತಿ ಎಲ್ಲಿಗೆ ಕೊಟ್ಟೀಯ ಅಂದೆ?"

"ನ್ಯೂಟ್ರಲ್ಲಿಗೆ ಸರ್."

"ಕಂಬದ ನ್ಯೂಟ್ರಲ್ಲು?"

"ಅದು ಕಿತ್ತೋಗಿತ್ತಲ್ಲ ಸರ್, ಅದಕ್ಕೇ..."

"ಮೂರು ವರ್ಷದಿಂದ ಮನೆ ಕರೆಂಟೆಲ್ಲ ಆ ಪೈಪಿನಾಗೇ ಹೋಗ್ತೈತಾ?"

ಹೂಂ ಎನ್ನಲು ಬಾಯಿ ತೆರೆದೆ. ಆ ಪ್ರಶ್ನೆ ಅಷ್ಟು ಸರಳವಾಗಿತ್ತು. ಕೇಳಿದ ಕೂಡಲೇ ಉತ್ತರ ನನಗೇ ಗೊತ್ತಾಯಿತು.

"ನೀರು ಹಾಕೋರು ಚಪ್ಪಲಿ ಹಾಕ್ಕಂತಾರಾ?"

"ಇಲ್ಲ ಸರ್. ಕುಂಕುಮ ಹಚ್ಚಿರೋದ್ರಿಂದ..."

"ಏನಮ್ಮ ನೀನು!" ಮೇಷ್ಟ್ರು ನನ್ನ ಬೆಂಚಿನ ಹತ್ತಿರಕ್ಕೇ ಬಂದರು. "ನೀನು ಹೂತಿರೋದು ಅರ್ಥ್ ಅಲ್ಲ, ಕರೆಂಟು. ಆ ಪೈಪು, ಅದರ ಸುತ್ತ ಹಸಿ ಮಣ್ಣು, ಎಲ್ಲಾ ಜೀವಂತ ಐತೆ. ಒಂದು ಬಲ್ಬು ಉರಿಯೋವಾಗ ಜುಮ್ಮಂತೈತೆ ಅಷ್ಟೇ. ದೊಡ್ಡ ಲೋಡ್ ಏನಾರ ಹಾಕಿದ್ರೆ ಅಲ್ಲಿ ಕಾಲಿಟ್ಟೋರು ಉಳಿಯಲ್ಲ. ಫೋನ್ ಮಾಡು. ಈಗ್ಲೇ ಮಾಡು, ನನ್ನ ಮುಂದೆ."

ಹಿಂದಿನ ಸೆಮಿಸ್ಟರ್‌ನಲ್ಲಿ ಇದೇ ವಿಷಯ ಪರೀಕ್ಷೆಗೆ ಬಂದಿತ್ತು. ನೆಲಕ್ಕಿಳಿದ ಕರೆಂಟು ಸುತ್ತಲಿನ ಮಣ್ಣಿನಲ್ಲಿ ಹೇಗೆ ಹರಡುತ್ತದೆ, ಒಂದು ಹೆಜ್ಜೆಯ ಅಂತರದಲ್ಲಿ ಎಷ್ಟು ವೋಲ್ಟೇಜ್ ಇರಬಹುದು ಎಂದು ಚಿತ್ರ ಸಮೇತ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆ ಚಿತ್ರದ ಪೈಪಿಗೂ ನಮ್ಮ ಬಚ್ಚಲ ಹಿಂದಿನ ಪೈಪಿಗೂ ಸಂಬಂಧವಿದೆ ಎಂದು ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಇಂಥ ದಡ್ಡಿಗೆ ಅಂಕ ಕೊಟ್ಟವರ ಮೇಲೂ ನನಗೆ ಆ ಕ್ಷಣ ಸಿಟ್ಟು ಬಂತು.

ಅವ್ವ ಫೋನ್ ಎತ್ತಲಿಲ್ಲ. ಮೆಕ್ಕೆಜೋಳ ಮುರಿಯುವ ಕಾಲ. ಫೋನನ್ನು ದೇವರ ಗೂಡಿನಲ್ಲಿಟ್ಟು ಹೊಲಕ್ಕೆ ಹೋಗಿರುತ್ತಾಳೆ, ಅಕ್ಕಪಕ್ಕದವರೂ ಅಲ್ಲೇ. ಅಪ್ಪನಿಗೆ ಮಾಡಿ, ಆ ಪೈಪಿನ ಹತ್ತಿರ ಅವ್ವ ಹೋಗಬಾರದು ಎಂದೆ. ಚನ್ನಗಿರಿಯಲ್ಲಿ ಸಾರುವೆಯ ಮೇಲೆ ನಿಂತು ಗೋಡೆಗೆ ಗಾರೆ ಬಳಿಯುತ್ತಿದ್ದರು.

"ಅದಕ್ಕೇನಾತೀಗ? ಮೂರು ವರ್ಷದಿಂದ ಐತಲ್ಲ ಅದು," ಎಂದರು.

"ಅಪ್ಪಾ, ಮನೇಲಿ ಬಲ್ಬು ಫ್ಯಾನು ಬಿಟ್ಟು ಬ್ಯಾರೆ ಏನಾರ ಹಾಕ್ತೀರಾ?"

"ಏನಿಲ್ಲ. ನೀರು ಕಾಸೋ ಕಾಯಿಲ್ ಒಂದು ಮೊನ್ನೆ ಕೊಟ್ಟು ಬಂದೆ. ಹೊಲದಿಂದ ಬಂದು ಬಿಸಿನೀರು ಹಾಕ್ಕಳ್ಲಿ ಅಂತ. ಸರಿಯಾಗಿ ಕಾಯಲ್ಲಂತೆ ಅದು. ಅರ್ಥಕ್ಕೆ ಇನ್ನೊಂದು ಕೊಡ ನೀರು ಜಾಸ್ತಿ ಹಾಕು, ಕಾಯ್ತೈತೆ ಅಂತ ನಾನೇ ಹೇಳೀನಿ."

ಒಂದು ಕಾಯಿಲ್ ಹತ್ತಾರು ಬಲ್ಬಿನಷ್ಟು ಕರೆಂಟು ಎಳೆಯುತ್ತದೆ. ಬಕೀಟಿಗೆ ಕಾಯಿಲ್ ಇಳಿಬಿಟ್ಟು, ಸ್ವಿಚ್ ಹಾಕಿ, ಅದು ಉರಿಯುತ್ತಿರುವಾಗಲೇ ಅವ್ವ ಕೊಡ ಹಿಡಿದು ಬರಿಗಾಲಲ್ಲಿ ಬಚ್ಚಲ ಹಿಂದೆ ಹೋಗುತ್ತಾಳೆ. ಮೇಷ್ಟ್ರು ಹೇಳಿದ ದೊಡ್ಡ ಲೋಡ್ ನಮ್ಮನೆಗೆ ಆಗಲೇ ಬಂದಿತ್ತು.

ನ್ಯಾಮತಿಯವಳು ನನ್ನ ಬ್ಯಾಗು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಓಡಿ ಬಂದಳು. ಅವಳು ಆವತ್ತು ಒಂದು ಮಾತೂ ತಮಾಷೆ ಆಡಲಿಲ್ಲ. ಜಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದರೆ ನಾನು ಲ್ಯಾಬ್ ರೆಕಾರ್ಡ್ ತೆಗೆದುಕೊಟ್ಟೆ. "ಇದ್ಯಾಕವ್ವ, ಇದನ್ನ ನಾನು ತಿದ್ದಬೇಕಾ?" ಎಂದರು ಅವರು. ಬಸ್ಸಿನವರು ನಕ್ಕರು. ನಾನು ಮತ್ತೆ ಮತ್ತೆ ಅವ್ವನ ನಂಬರ್ ಒತ್ತುತ್ತಿದ್ದೆ. ದೇವರ ಗೂಡಿನಲ್ಲಿ ಅದು ಹೊಡೆದುಕೊಳ್ಳುತ್ತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಜಗಳೂರಿನಲ್ಲಿ ಇಳಿದು ಸೊಕ್ಕೆ ಕಡೆಯ ಬಸ್ಸು ಹತ್ತುವಾಗ ಬಿಸಿಲು ಇಳಿದಿತ್ತು. ಅವ್ವ ಹೊಲದಿಂದ ಮನೆಗೆ ಬರುವ ಹೊತ್ತು.

ಊರಿನ ಸ್ಟಾಪಿನಲ್ಲಿ ಇಳಿದು ಓಡಿದೆ. ನಮ್ಮ ಮನೆಯ ಬಲ್ಬು ಹತ್ತಿತ್ತು. ಬಚ್ಚಲ ಹಿಂದೆ ಹೋದರೆ ಕೆಸರಿನಲ್ಲಿ ಪ್ಲಾಸ್ಟಿಕ್ ಕೊಡ ಅಡ್ಡ ಬಿದ್ದಿತ್ತು. ನೀರು ಚೆಲ್ಲಿ ಹೋಗಿತ್ತು. ಅವ್ವ ಇಲ್ಲ.

"ಅವ್ವಾ!" ಎಂದು ಕೂಗಿದೆ.

"ಯಾಕೆ ಕಿರುಚ್ತೀಯ? ಒಳಗಿದೀನಿ," ಎಂದಿತು ಅಡಿಗೆ ಮನೆ.

ಬೇಲಿಯ ಹೊರಗಿನ ಒಣ ನೆಲದಲ್ಲಿ ಕುಕ್ಕರಿಸಿದೆ. ಬ್ಯಾಗಿನಲ್ಲಿದ್ದ ಟೆಸ್ಟರ್ ತೆಗೆದು, ಬೇಲಿಯ ಆಚೆಯಿಂದಲೇ ಕೈ ಚಾಚಿ, ಕುಂಕುಮ ಹಚ್ಚಿದ ಆ ಪೈಪಿಗೆ ಮುಟ್ಟಿಸಿದೆ. ಟೆಸ್ಟರ್ ಕೆಂಪಗೆ ಹತ್ತಿತು. ಓಡಿ ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದೆ. ಮನೆ ಕತ್ತಲಾಯಿತು.

ಅವ್ವ ಒಲೆಯ ಮುಂದೆ ಕೂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ಬಕೀಟಿನಲ್ಲಿ ಕಾಯಿಲ್ ಇತ್ತು. "ಇವತ್ಯಾಕೋ ಜಾಸ್ತಿ ಹೊಡೀತು ಕಣೆ. ಕಾಲು ಹಿಡಕಂಡಂಗಾತು. ಕೊಡ ಬಿಟ್ಟು ಹಿಂದಕ್ಕೆ ಬಿದ್ದೆ. ಹಿಂದಕ್ಕೆ ಬಿದ್ದಿದ್ದಕ್ಕೆ ಬಿಡ್ತು," ಎಂದಳು, ಇರುವೆ ಕಚ್ಚಿದ್ದನ್ನು ಹೇಳುವ ಹಾಗೆ.

ಮುಂದಕ್ಕೆ ಬಿದ್ದಿದ್ದರೆ ಪೈಪಿನ ಮೇಲೆ ಬೀಳುತ್ತಿದ್ದಳು. ನನಗೆ ಆ ಸಂಜೆ ಪೂರ್ತಿ ಅದೊಂದೇ ಕಣ್ಣಿಗೆ ಕಟ್ಟಿತ್ತು. ಭಯಕ್ಕೆ ಸಿಟ್ಟು ಬಂದು ಅವಳ ಮೇಲೆಯೇ ಕೂಗಾಡಿದೆ. ಅವಳು ಮೇಣದಬತ್ತಿ ಹಚ್ಚಿ, ರೊಟ್ಟಿ ತಟ್ಟಿ, "ಉಣ್ಣು ಮದ್ಲು," ಎಂದಳು.

ಬೆಳಿಗ್ಗೆ ಲೈನ್‌ಮನ್ ಬಂದು ಕಿತ್ತ ನ್ಯೂಟ್ರಲ್ ಸೇರಿಸಿದರು. ಹತ್ತು ನಿಮಿಷದ ಕೆಲಸ. ಪೈಪಿನ ತಂತಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಯಾರ್ ಕೆಲಸ ಇದು?" ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅವ್ವ, "ಯಾರೋ ಮಾಡಿದ್ರು ಬಿಡ್ರಿ," ಎಂದಳು.

ಅವರು ಹೋದ ಮೇಲೆ ಪೈಪು ಕೀಳಲು ಗುದ್ದಲಿ ತೆಗೆದುಕೊಂಡೆ. ಮೊದಲು ಬೇಲಿ ತೆಗೆಯಬೇಕಿತ್ತು. ಜಾಲಿ ಮುಳ್ಳು ಒಂದಕ್ಕೊಂದು ಹೆಣೆದು ಗಟ್ಟಿಯಾಗಿತ್ತು. ನೀರು ಸುರಿಯಲು ಒಬ್ಬರು ನಿಲ್ಲುವಷ್ಟೇ ಸಂದು. ಕೈಗೆ ಮುಳ್ಳು ಚುಚ್ಚಿದಾಗ ನನಗೆ ತಟ್ಟನೆ ಹೊಳೆಯಿತು. ಮರ್ಯಾದೆಗೆ ಯಾರೂ ಇಷ್ಟು ಮುಳ್ಳು ಹಾಕುವುದಿಲ್ಲ.

"ಅವ್ವ, ಈ ಬೇಲಿ ಯಾಕೆ ಹಾಕಿದ್ದೆ?"

"ಓಣಿ ಹುಡುಗ್ರು ಆಡಾಕೆ ಬರ್ತಾವಲ್ಲ. ಯಾವ್ದಾರ ಮುಟ್ಟಿಗಿಟ್ಟೀತು ಅಂತ."

"ಎಮ್ಮೆ?"

"ಅದಕ್ಕೇ ಮದ್ಲು ಗೊತ್ತಾಗಿದ್ದು. ನೀನು ಕಾಲೇಜಿಗೆ ಹೋದ ವರ್ಷಾನೇ. ಇಲ್ಲಿ ಕಟ್ಟಿದ್ರೆ ನಾಲ್ಕೂ ಕಾಲು ಕುಣಿಸೋದು. ಆಮ್ಯಾಲೆ ನನಗೂ ಜುಮ್ ಅಂತು."

ಗುದ್ದಲಿ ಕೈಯಲ್ಲೇ ನಿಂತಿತು. ಮೂರು ವರ್ಷ. ಓಣಿಯ ಮಕ್ಕಳನ್ನು ದೂರವಿಟ್ಟಿದ್ದಾಳೆ, ಎಮ್ಮೆಯನ್ನು ದೂರವಿಟ್ಟಿದ್ದಾಳೆ, ತಾನು ಮಾತ್ರ ದಿನಾ ಸಂಜೆ ಕೊಡ ಹಿಡಿದು ಆ ಸಂದಿನಲ್ಲಿ ಹೋಗಿ ನಿಂತಿದ್ದಾಳೆ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಒಂದ್ ಮಾತು ಹೇಳಾಕೆ ಏನಾಗಿತ್ತು ನಿನಗೆ?"

ಅವ್ವ ಮುಳ್ಳುಗಳನ್ನು ಕೋಲಿನಿಂದ ಒಂದು ಕಡೆ ಸರಿಸುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು. "ನೀನು ಮಾಡಿದ್ದು ತಪ್ಪಾಗೈತೆ ಅಂದಿದ್ರೆ ನಿಮ್ಮಪ್ಪ ಅವತ್ತೇ ಕಾಲೇಜು ಬಿಡಿಸ್ತಿದ್ರು. ನಾಲ್ಕು ವರ್ಷ ತಾನೇ. ಓದು ಮುಗಿಸ್ಕಂಡು ನೀನೇ ಬಂದು ಸರಿ ಮಾಡ್ತೀಯ ಅಂತ ಕಾಯ್ತಿದ್ದೆ."

ಓದು ಮುಗಿಯಲು ಇನ್ನೂ ಒಂದು ವರ್ಷದ ಮೇಲೆ ಬಾಕಿ ಇತ್ತು.