ಎಡಕ್ಕೆ ಎಳೆದ ಮಾದರಿ

ನಮ್ಮ ಪ್ರಯೋಗಾಲಯದ ಬಡಗಿ ಅಕ್ಕ ಮೊಳದುದ್ದದ ಮರದ ಮಾದರಿ ವಿಮಾನಗಳನ್ನು ಕೆತ್ತುತ್ತಾರೆ. ನಾನು ಅವನ್ನು ಗಾಳಿ ಸುರಂಗದೊಳಗೆ ತಕ್ಕಡಿಯ ಕಂಬದ ಮೇಲೆ ಕೂರಿಸಿ, ಫ್ಯಾನ್ ಹಾಕಿ, ಗಾಳಿ ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ತಳ್ಳುತ್ತದೆ, ಪಕ್ಕಕ್ಕೆಷ್ಟು ಎಳೆಯುತ್ತದೆ ಎಂದು ಬರೆದುಕೊಳ್ಳುತ್ತೇನೆ. ಅಮ್ಮ ಕೇಳಿದವರಿಗೆಲ್ಲ, ‘ಮಗ ವಿಮಾನದಲ್ಲಿ ಕೆಲಸಕ್ಕಿದ್ದಾನೆ’ ಎನ್ನುತ್ತಾಳೆ. ನಾನು ತಿದ್ದಲು ಹೋಗಿಲ್ಲ.

ಅಕ್ಕ ಏಳು ವರ್ಷದಿಂದ ಹಂಗಾಮಿ. ಈ ಮಾದರಿ ಸರಿ ಬಂದರೆ ಖಾಯಂ ಮಾಡಲು ಬರೆಯುತ್ತೇನೆ ಎಂದಿದ್ದರು ನಮ್ಮ ಮುಖ್ಯಸ್ಥರು. ಮಾದರಿ ಎಡಕ್ಕೆ ಎಳೆಯಿತು. ಮೂರು ಸಲ ಗಾಳಿ ಬಿಟ್ಟರೂ ಎಡಕ್ಕೇ.

“ಎಡ ರೆಕ್ಕೆ ದಪ್ಪ ಆಗಿರ್ಬೇಕು,” ಎಂದೆ, ಮೂರು ತಲೆಮಾರಿನ ಬಡಗಿಯ ಗತ್ತಿನಲ್ಲಿ.

ಅಕ್ಕ ಎರಡೂ ರೆಕ್ಕೆಗಳ ಮೇಲೆ ಬೆರಳಾಡಿಸಿದರು. “ಯಾವತ್ತಾದ್ರೂ ಉಳಿ ಹಿಡಿದಿದ್ದೀಯೇನಪ್ಪಾ?”

“ಪೆನ್ಸಿಲ್ ಕೆತ್ತಿದ್ದೀನಿ.”

“ಹಾಗಾದ್ರೆ ಸುಮ್ನೆ ಇದನ್ನ ತಲೆಕೆಳಗೆ ಕೂರಿಸು. ಎಡ ರೆಕ್ಕೆ ಬಲಕ್ಕೆ ಬರುತ್ತೆ. ತಪ್ಪು ರೆಕ್ಕೇದಾದ್ರೆ ಈಗ ಬಲಕ್ಕೆ ಎಳೀಬೇಕು.”

ಹೊಟ್ಟೆ ಮೇಲಾಗಿ ಕೂರಿಸಿ, ತಕ್ಕಡಿಯ ಅಂಕಿಗಳನ್ನು ಸೊನ್ನೆಗೆ ತಂದೆ. ಮಾದರಿಯಿಂದ ಗೋಡೆಗೆ ಹೋಗುವ, ಒತ್ತಡ ಅಳೆಯುವ ತಂತಿಯನ್ನು ಎಂದಿನಂತೆ ನೀಟಾಗಿ ಬಿಗಿದು ಟೇಪ್ ಅಂಟಿಸಿದೆ. ಗಾಳಿ ಬಿಟ್ಟರೆ ಮತ್ತೆ ಎಡಕ್ಕೇ. ಅಕ್ಕ ಫ್ಯಾನ್ ಆರಿಸಲು ಹೇಳಿದರು. ಗಾಳಿ ಪೂರ್ತಿ ನಿಂತಿತು. ಪಕ್ಕದೆಳೆತದ ಅಂಕಿ ಮಾತ್ರ ಕದಲಲಿಲ್ಲ.

“ಗಾಳೀನೇ ಇಲ್ಲ. ಇನ್ನೂ ಎಳೀತಿರೋರು ಯಾರು?”

ಹಾಗೆ ಕೇಳಿ ಅಕ್ಕ ಎಡಗೋಡೆಯತ್ತ ನೋಡಿದರು. ನಾನೂ ನೋಡಿದೆ. ನನ್ನ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದುಕೊಂಡಿತ್ತು. ಸೊನ್ನೆ ಮಾಡಿದ ಮೇಲೆ ಕಟ್ಟಿದ್ದರಿಂದ, ತಕ್ಕಡಿ ಪಾಪ ನನ್ನ ಅಚ್ಚುಕಟ್ಟುತನವನ್ನೂ ಸೇರಿಸಿ ತೂಗುತ್ತಿತ್ತು.

“ಯಾಕಪ್ಪಾ ಹೀಗೆ ಕಟ್ಟಿದ್ದು?”

“ನೋಡೋಕೆ ಚೆನ್ನಾಗಿರ್ಲಿ ಅಂತ, ಅಕ್ಕಾ.”

“ಜಡೆ ಹೆಣೆಯೋ ಕೆಲಸಕ್ಕೆ ಸೇರಿದ್ರೆ ಉದ್ಧಾರ ಆಗ್ತಿದ್ದೆ.”

ತಂತಿ ಸಡಿಲ ಬಿಟ್ಟು, ಮಾದರಿಯನ್ನು ನೆಟ್ಟಗೆ ಕೂರಿಸಿ, ಮತ್ತೆ ಸೊನ್ನೆ ಮಾಡಿ ಗಾಳಿ ಬಿಟ್ಟೆವು. ಮಾದರಿ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಅಕ್ಕ ಅಂಕಿಯನ್ನು ಎರಡು ಸಲ ಓದಿದರು.

“ಸಾರ್‌ಗೆ ನೀವೇ ಹೇಳ್ಬಿಡಿ ಅಕ್ಕಾ.”

“ನಾನು ಹೇಳಿದ್ರೆ ಚಾಡಿ ಆಗುತ್ತೆ. ನಡಿ.”

ನಡೆದೆ. ಮುಖ್ಯಸ್ಥರ ಮುಂದೆ ತಂತಿಯ ಕಥೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಹತ್ತು ನಿಮಿಷದ ಮೇಲೆ ಹೊರಬಂದಾಗ ಅಕ್ಕ ಬಾಗಿಲ ಬಳಿಯೇ ನಿಂತಿದ್ದರು, ಕೂದಲಲ್ಲಿ ಮರದ ಪುಡಿ.

“ಏನಂದ್ರು?”

“ನನಗೆ ಬಾಯಲ್ಲೇ ಹೇಳಿದ್ರು, ಬಹಳ ಹೇಳಿದ್ರು. ನಿಮ್ಮ ಬಗ್ಗೆ ಮಾತ್ರ ಕಾಗದದಲ್ಲಿ ಬರೆದು ಸಹಿ ಹಾಕಿದ್ರು.”